ಲೇಬರ್ ಕಾರ್ಡ್ ಇನ್ನೂ ಮಾಡಿಸಿಲ್ವಾ? ಯೂನಿಯನ್‌ನಲ್ಲಿ ಕೇಳಿ

ದಾವಣಗೆರೆಯಲ್ಲಿ ಗಾರೆ, ಸೆಂಟ್ರಿಂಗ್, ಪೇಂಟಿಂಗ್ ಕೆಲಸ ಮಾಡುವ ಅಣ್ಣಂದಿರೇ, ಅಕ್ಕಂದಿರೇ, ಯೂನಿಯನ್ ಇರೋದು ಬರೀ ಕೂಲಿ ಜಗಳಕ್ಕಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೆ ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದೃಢೀಕರಣ ಪತ್ರ ಬೇಕು. ನಾವು ಇವತ್ತು ಒಂದು ಮನೆ, ನಾಳೆ ಇನ್ನೊಂದು ಕಡೆ ದುಡಿಯುತ್ತೇವೆ, ಮೇಸ್ತ್ರಿ ಸಹಿ ಹಾಕಲ್ಲ ಅಂದರೆ ಎಲ್ಲಿಗೆ ಹೋಗೋದು ಹೇಳಿ? ಆ ಪತ್ರವನ್ನು ನೋಂದಾಯಿತ ಯೂನಿಯನ್ ಕೂಡ ಕೊಡಬಹುದು. ಹೋಗುವಾಗ ಆಧಾರ್, ಪಾಸ್‌ಬುಕ್ ಜೊತೆಗಿರಲಿ.

ಕಾರ್ಡ್ ಇದ್ದರೆ ಮಕ್ಕಳ ಓದು, ಮದುವೆ, ಹೆರಿಗೆ, ಅಪಘಾತ, ಇವಕ್ಕೆಲ್ಲ ಸಹಾಯಧನದ ಅರ್ಜಿ ಹಾಕಬಹುದು. ನಾನು ಒಮ್ಮೆ ನವೀಕರಣ ಮರೆತು ಮಗಳ ಓದಿನ ಅರ್ಜಿ ಹಾಕಲಾಗಲಿಲ್ಲ, ಈಗಲೂ ಸಂಕಟವಾಗುತ್ತದೆ. ಕಾರ್ಡ್ ಮುಗಿಯುವ ತಾರೀಖನ್ನು ಇವತ್ತೇ ನೋಡಿ.