ಯುದ್ಧ ಗೆದ್ದಾಯ್ತು ಅಂತ ಮೆಸೇಜ್ ಬಂದ್ರೆ ಫಾರ್ವರ್ಡ್ ಮಾಡೋ ಮುಂಚೆ

2025ರ ಮೇ 8ರ ರಾತ್ರಿ, ಭಾರತ-ಪಾಕಿಸ್ತಾನ ಸಂಘರ್ಷದ ಹೊತ್ತಲ್ಲಿ, ಕರಾಚಿ ಬಂದರು ಉಡೀಸ್ ಅಂತ ಟಿವಿಲಿ ಕೂಗಾಡಿದ್ದು ನೆನಪಿದ್ಯಲ್ಲ, ಮಾರನೇ ದಿನ ಬೆಳಿಗ್ಗೆ ಮುಂಬೈನ ಮಾಟುಂಗಾದಲ್ಲಿ ಇಡ್ಲಿ ತಿಂತಿದ್ದೆ, ಪಕ್ಕದ ಟೇಬಲ್ ಮಾಮ ಒಬ್ರು ಖುಷಿಗೆ ಎಲ್ರ ಕಾಫಿ ನನ್ನ ಲೆಕ್ಕಕ್ಕೆ ಬರಿ ಅಂದುಬಿಟ್ರು. ಆಮೇಲೆ ನೋಡಿದ್ರೆ ಬಂದರು ಇದ್ದಲ್ಲೇ ಇದೆ. ಬಿಟ್ಟಿ ಕಾಫಿ ಕುಡ್ದಿದ್ದೆ, ನಾನೂ ಬಾಯಿ ಮುಚ್ಕೊಂಡೆ.

ಮೊದ್ಲು ನೋಡ್ಬೇಕಾದ್ದು ಯಾರು ಹೇಳಿದ್ದು ಅಂತ. ಸೇನೆಯವ್ರು ಬ್ರೀಫಿಂಗಲ್ಲಿ ಹೇಳಿದ್ರಾ, ಇಲ್ಲ ಬರೀ "ಮೂಲಗಳ ಪ್ರಕಾರ"ನಾ. ವಿಡಿಯೋ ಇದ್ರೆ ಸ್ಕ್ರೀನ್‌ಶಾಟ್ ತೆಗ್ದು ಗೂಗಲ್ ಲೆನ್ಸಿಗೆ ಹಾಕಿ, ಅದೇ ಚಿತ್ರ ಮುಂಚೆ ಎಲ್ಲಿ ಬಂದಿತ್ತು ಅಂತ ತೋರಿಸುತ್ತೆ. ಅವತ್ತು ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಮಾನ ಬಿದ್ದಿದ್ದ ವಿಡಿಯೋನ ಕರಾಚಿ ಅಂತ ಓಡಿಸಿದ್ರು.

ಆಮೇಲೆ ಹೇಳಿದ ಮಾತನ್ನ ಪದ ಪದ ಬಿಡಿಸಿ ನೋಡಿ, ಮಜಾ ಇರೋದೇ ಇಲ್ಲಿ. ಇರಾಕ್ ಯುದ್ಧದಲ್ಲಿ 2003ರ ಮೇ 1ಕ್ಕೆ ಅಮೆರಿಕ ಅಧ್ಯಕ್ಷ ಬುಷ್ ಯುದ್ಧನೌಕೆ ಮೇಲೆ ಜೆಟ್ಟಲ್ಲಿ ಬಂದಿಳಿದು ಭಾಷಣ ಹೊಡೆದ್ರಲ್ಲ, ಹಿಂದೆ "ಮಿಷನ್ ಅಕಾಂಪ್ಲಿಶ್ಡ್" (ಅಂದ್ಕೊಂಡಿದ್ದು ಮುಗೀತು) ಅಂತ ಇಷ್ಟುದ್ದದ ಬ್ಯಾನರ್, ಆದ್ರೆ ಭಾಷಣದಲ್ಲಿ ಆ ಮಾತೇ ಇಲ್ಲ, ಇರಾಕಲ್ಲಿ "ಪ್ರಮುಖ" ಕಾರ್ಯಾಚರಣೆ ಮುಗೀತು ಅಂದ್ರು ಅಷ್ಟೇ. ಆ "ಪ್ರಮುಖ" ಅನ್ನೋದಿದ್ಯಲ್ಲ, ನಾಳೆ ಯಾರಾದ್ರೂ ಕೇಳಿದ್ರೆ ನುಣುಚ್ಕೊಳ್ಳೋಕೆ ಇಟ್ಕೊಂಡ ಹಿತ್ತಿಲ ಬಾಗಿಲು. ಜನಕ್ಕೆ ಕಂಡಿದ್ದು ಬ್ಯಾನರ್ ಮಾತ್ರ. ಅದಾದ್ಮೇಲೆ ಅಲ್ಲಿ 4,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ರು, ಇರಾಕಿಗಳ ಲೆಕ್ಕ ಬೇರೆ, ಸೇನೆ ವಾಪಸ್ ಹೊರಟಿದ್ದು 2011ರ ಡಿಸೆಂಬರಲ್ಲಿ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋದು ಅಂದ್ರೆ ಇದೇ.

ಯುದ್ಧ ಶುರುವಾದಾಗ ಗುರಿ ಏನು ಅಂದಿದ್ರು ಅನ್ನೋದನ್ನೂ ಹುಡುಕಿ, ಹಳೇ ಪೇಪರಲ್ಲಿ ಸಿಗುತ್ತೆ. ಇರಾಕಿಗೆ ಹೋಗಿದ್ದು ಸಮೂಹನಾಶಕ ಅಸ್ತ್ರ ಹುಡುಕೋಕೆ, ಸಿಗ್ಲೇ ಇಲ್ಲ, ಆಮೇಲೆ ಪ್ರಜಾಪ್ರಭುತ್ವ ತರೋಕೆ ಅಂತ ಶುರುವಾಯ್ತು. ಗೋಲ್‌ಪೋಸ್ಟ್ ಎತ್ಕೊಂಡು ಓಡೋರು ಯಾವತ್ತೂ ಸೋಲಲ್ಲ ಬಿಡಿ.

ಕೊನೇದು, ಎದುರು ಪಾರ್ಟಿ ಒಪ್ಕೊಂಡಿದ್ಯಾ. 1971ರ ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಜನರಲ್ ನಿಯಾಜಿ ಕೂತು ಶರಣಾಗತಿಗೆ ಸೈನ್ ಹಾಕಿದ ಫೋಟೋ ಇದೆ, ಸುಮಾರು 93,000 ಜನ ಸೆರೆ ಸಿಕ್ರು, ಅಲ್ಲಿ ವಾದಕ್ಕೆ ಜಾಗನೇ ಇಲ್ಲ. ಇಲ್ಲೇ ಪಕ್ಕದ ಗೋವಾ ನೋಡಿ, 1961ರ ಡಿಸೆಂಬರ್ 19ಕ್ಕೆ ಪೋರ್ಚುಗೀಸ್ ಗವರ್ನರ್ ಶರಣಾದ್ರೂ ಪೋರ್ಚುಗಲ್ ಸರ್ಕಾರ ಮಾತ್ರ 1974ರವರೆಗೆ ಒಪ್ಪಲೇ ಇಲ್ಲ, ಸೋತವರ ಜಂಬಕ್ಕೂ ಅಷ್ಟು ಆಯಸ್ಸು! ಹಾಗಾಗಿ ಬಾಯಲ್ಲಿ ಏನಂತಾರೆ ಅನ್ನೋದಕ್ಕಿಂತ ನೆಲ ಯಾರ ಕೈಲಿದೆ, ಗುಂಡು ನಿಂತಿದ್ಯಾ ಅಂತ ನೋಡಿ.

ಫ್ಯಾಮಿಲಿ ಗ್ರೂಪಲ್ಲಿ ವಾದಕ್ಕೆ ಮಾತ್ರ ಇಳೀಬೇಡಿ, ದೇಶದ್ರೋಹಿ ಪಟ್ಟ ಗ್ಯಾರಂಟಿ. ನಾನು ಇಂಥ ಮೆಸೇಜಿಗೆ ಸ್ಟಾರ್ ಹಾಕಿ ಇಟ್ಕೊತೀನಿ, ಹದಿನೈದು ದಿನ ಬಿಟ್ಟು ಡೊಂಬಿವಲಿ ಲೋಕಲಲ್ಲಿ ಸೀಟ್ ಸಿಕ್ಕಿದ್ರೆ ತೆಗ್ದು ಓದ್ತೀನಿ.