ಆಕ್ಸಿಜನ್ ಸೆನ್ಸರ್ ‘ಸ್ಲೋ’ ಅಂದರೆ ಬದಲಿಸಲೇಬೇಕೇ?

ಚೆಕ್ ಎಂಜಿನ್ ದೀಪ ಹತ್ತಿಕೊಂಡಿದೆ. ಸ್ಕ್ಯಾನರ್ ಹಾಕಿದರೆ ಪಿ0133 ಎಂಬ ಕೋಡ್. ಮೈಲೇಜ್ ಇಳಿದಿದೆ, ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಒಂಚೂರು ತೂಗಾಡುತ್ತದೆ. ‘ಸೆನ್ಸರ್ ಹೋಗಿದೆ, ಹೊಸದು ಹಾಕ್ಬಿಡೋಣ’ ಎಂಬ ಮಾತು ಗ್ಯಾರೇಜಿನಲ್ಲಿ ತಯಾರಾಗಿಯೇ ಇರುತ್ತದೆ. ಅದು ನಿಜವೂ ಇರಬಹುದು. ಆದರೆ ಈ ಕೋಡಿನ ಅರ್ಥ ಇಷ್ಟೇ: ಎಂಜಿನ್ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಅಳೆಯುವ ಮೊದಲನೇ ಆಕ್ಸಿಜನ್ ಸೆನ್ಸರ್‌ನ ಸಿಗ್ನಲ್ ತಡವಾಗಿ ಬದಲಾಗುತ್ತಿದೆ. ತಡ ಸೆನ್ಸರ್‌ನದೋ, ಅದರ ಹೀಟರ್‌ನದೋ, ಎಗ್ಸಾಸ್ಟ್ ಲೀಕಿನದೋ ಎಂಬುದನ್ನು ಕೋಡ್ ಹೇಳುವುದಿಲ್ಲ. ಅದನ್ನು ನಾವೇ ಹುಡುಕಬೇಕು. ಹತ್ತು ಮೆಗಾಓಮ್ ಇನ್‌ಪುಟ್ ರೋಧದ ಡಿಜಿಟಲ್ ಮಲ್ಟಿಮೀಟರ್, ಒಂದು ಸ್ಕ್ಯಾನರ್, ಸಾಧ್ಯವಾದರೆ ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಉಪಕರಣ) ಇದ್ದರೆ ಸಾಕು. ಟೆಸ್ಟ್ ಲ್ಯಾಂಪ್ ಮಾತ್ರ ಸಿಗ್ನಲ್ ವೈರಿಗೆ ತಾಗಿಸಬೇಡಿ.

ಯಾವ ಸೆನ್ಸರ್ ಎಂದು ಮೊದಲು ಗುರುತಿಸಿ

ಇಲ್ಲಿ ಹೇಳುವುದು ಪೆಟ್ರೋಲ್ ಕಾರುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ನಾಲ್ಕು ವೈರಿನ ಜಿರ್ಕೋನಿಯಾ (ಒಂದು ಬಗೆಯ ಸೆರಾಮಿಕ್) ಸೆನ್ಸರ್ ಬಗ್ಗೆ. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಬ್ಯಾಂಕ್ (ಸಿಲಿಂಡರುಗಳ ಸಾಲು). ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮುಂಚೆ ಇರುವುದು ಮೊದಲನೇ ಸೆನ್ಸರ್, ಅದರ ನಂತರದ್ದು ಎರಡನೆಯದು. ಎರಡನೆಯದು ನಿಧಾನವಾದರೆ ಬರುವ ಕೋಡ್ ಪಿ0139. ಈ ಎರಡನ್ನೂ ಅದಲುಬದಲು ಮಾಡಿಕೊಂಡು ತಪ್ಪು ಸೆನ್ಸರ್ ಬಿಚ್ಚುವುದು ಅಪರೂಪವೇನಲ್ಲ.

ಐದು ವೈರ್ ಇದ್ದರೆ ಅದು ವೈಡ್‌ಬ್ಯಾಂಡ್ ಸೆನ್ಸರ್. ಅದಕ್ಕೆ ಕೆಳಗಿನ ವೋಲ್ಟ್ ಲೆಕ್ಕ ನಡೆಯದು. ಸ್ಕ್ಯಾನರಿನಲ್ಲಿ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅನುಪಾತದ) ಮೌಲ್ಯ ನೋಡಬೇಕು. ಟೊಯೊಟಾದ ಕೆಲವು ಎಂಜಿನ್‌ಗಳಲ್ಲಿ ನಾಲ್ಕು ವೈರಿದ್ದೂ ವೈಡ್‌ಬ್ಯಾಂಡ್ ಜಾತಿಯದೇ ಇರುತ್ತದೆ. ಹಾಗಾಗಿ ವೈರ್ ಎಣಿಸಿದ ಮೇಲೆ ಪಾರ್ಟ್ ನಂಬರನ್ನೂ ನೋಡಿ.

ಕೋಡ್ ಅಳಿಸಬೇಡಿ, ಬರೆದಿಟ್ಟುಕೊಳ್ಳಿ

ಕೋಡ್ ಅಳಿಸಿದ ಕೂಡಲೇ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ. ದೋಷ ಕಂಡ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ಆರ್‌ಪಿಎಂನಲ್ಲಿತ್ತು ಎಂಬ ದಾಖಲೆ ಅದು. ಜೊತೆಗೆ ಫ್ಯೂಯಲ್ ಟ್ರಿಮ್, ಅಂದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲನ್ನು ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಎಂಬ ಲೆಕ್ಕ, ನೋಡಿ. ಶಾರ್ಟ್ ಮತ್ತು ಲಾಂಗ್ ಟರ್ಮ್ ಎರಡೂ ಕೂಡಿ ±10 ಶೇಕಡಾದೊಳಗೆ ಇದ್ದರೆ ಗಾಳಿ-ಪೆಟ್ರೋಲ್ ಮಿಶ್ರಣ ಸುಮಾರು ಸರಿಯಿದೆ ಎಂದು ಮುಂದುವರಿಯಬಹುದು. ಪ್ಲಸ್ 20ರ ಹತ್ತಿರ ಇದ್ದರೆ ಇಸಿಯು ಪೆಟ್ರೋಲ್ ಸುರಿಯುತ್ತಲೇ ಇದೆ ಎಂದರ್ಥ. ಸೆನ್ಸರನ್ನು ಬೈಯುವ ಮುನ್ನ ವ್ಯಾಕ್ಯೂಮ್ ಲೀಕ್, ಇಂಜೆಕ್ಟರ್, ಪೆಟ್ರೋಲ್ ಪ್ರೆಶರ್ ಕಡೆ ತಿರುಗಿ. ಇ20 (ಶೇಕಡಾ 20 ಎಥನಾಲ್ ಬೆರೆತ) ಪೆಟ್ರೋಲ್ ಹಾಕಿದ ಹಳೆಯ ಕಾರಿನಲ್ಲಿ ಟ್ರಿಮ್ ಒಂದಿಷ್ಟು ಪ್ಲಸ್‌ಗೆ ವಾಲುವುದು ಸಹಜ, ಅದೊಂದೇ ದೋಷವಲ್ಲ. ಸಿಎನ್‌ಜಿ ಕಿಟ್ ಇದ್ದರೆ ಪರೀಕ್ಷೆಯೆಲ್ಲ ಪೆಟ್ರೋಲ್ ಮೇಲೆಯೇ ನಡೆಯಲಿ.

ಮಸಿ ಹುಡುಕಿ

ಸೆನ್ಸರ್‌ಗಿಂತ ಮುಂಚೆ, ಅಂದರೆ ಎಂಜಿನ್ ಕಡೆ, ಎಗ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಕೊಳವೆ) ಲೀಕಾಗಿದ್ದರೆ ಪರೀಕ್ಷೆಯ ಫಲಿತಾಂಶವೆಲ್ಲ ಸುಳ್ಳು. ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಮಿಡಿಮಿಡಿದು ಹೊರಬರುತ್ತದೆ. ಎರಡು ಮಿಡಿತದ ನಡುವೆ ಒತ್ತಡ ಕುಸಿದಾಗ ಆ ಸಂದಿಯಿಂದ ಹೊರಗಿನ ಗಾಳಿ ಒಳಗೆ ಬರುತ್ತದೆ. ಸೆನ್ಸರ್‌ಗೆ ಆಮ್ಲಜನಕ ಹೆಚ್ಚು ಕಂಡು ‘ಲೀನ್’ (ಪೆಟ್ರೋಲ್ ಕಡಿಮೆ) ಎನ್ನುತ್ತದೆ, ಅದನ್ನು ನಂಬಿ ಇಸಿಯು ಪೆಟ್ರೋಲ್ ಹೆಚ್ಚಿಸುತ್ತದೆ.

ಬೆಳಗಿನ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ, ಮೊದಲ ಒಂದು ನಿಮಿಷ ಮ್ಯಾನಿಫೋಲ್ಡ್ ಬಳಿ ಕಿವಿಗೊಡಿ. ಟಿಕ್‌ಟಿಕ್ ಎಂಬ ಸದ್ದು ಇದ್ದು, ಎಂಜಿನ್ ಬಿಸಿಯಾದಂತೆ ಅಡಗಿದರೆ ಅದು ಗ್ಯಾಸ್ಕೆಟ್ ಲೀಕಿನ ಲಕ್ಷಣ: ಲೋಹ ಹಿಗ್ಗಿ ಸಂದಿ ತಾತ್ಕಾಲಿಕವಾಗಿ ಮುಚ್ಚಿಕೊಂಡಿದೆ. ಜೋಡಣೆಯ ಅಂಚಿನಲ್ಲಿ ಕಪ್ಪು ಮಸಿಯ ಗೆರೆ ಕಂಡರೆ ಬೇರೆ ಸಾಕ್ಷಿ ಬೇಡ. ಮಿಸ್ಸಿಂಗ್ (ಒಂದು ಸಿಲಿಂಡರ್ ಸರಿಯಾಗಿ ಉರಿಯದಿರುವುದು) ಇದ್ದರೂ ಹೀಗೇ: ಆ ಸಿಲಿಂಡರಿನಲ್ಲಿ ಉರಿಯದೆ ಉಳಿದ ಆಮ್ಲಜನಕ ಸೆನ್ಸರನ್ನು ದಾರಿ ತಪ್ಪಿಸುತ್ತದೆ. ಮೊದಲು ಪ್ಲಗ್, ಕಾಯಿಲ್ ಸರಿಮಾಡಿಕೊಳ್ಳಿ.

ಹೀಟರ್

ಜಿರ್ಕೋನಿಯಾ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟದೆ ಕೆಲಸ ಮಾಡದು. ಐಡಲ್‌ನಲ್ಲಿ ಅಷ್ಟು ಬಿಸಿ ಉಳಿಸುವುದು ಒಳಗಿನ ಹೀಟರ್. ಎಂಜಿನ್ ತಣ್ಣಗಿದ್ದಾಗ ಕನೆಕ್ಟರ್ ಬಿಚ್ಚಿ, ಸೆನ್ಸರ್ ಕಡೆಯ ಒಂದೇ ಬಣ್ಣದ ಎರಡು ವೈರುಗಳ (ಹೆಚ್ಚಾಗಿ ಬಿಳಿ) ನಡುವೆ ಓಮ್ ಅಳೆಯಿರಿ. ಕೆಲವೇ ಓಮ್‌ನಿಂದ ಸುಮಾರು 15 ಓಮ್‌ವರೆಗೆ ಬರಬೇಕು. ಮೀಟರ್ ಏನೂ ತೋರಿಸದಿದ್ದರೆ ಹೀಟರ್ ಕತ್ತರಿಸಿದೆ. ಓಮ್ ಸರಿಯಿದ್ದರೆ, ಎಂಜಿನ್ ಚಾಲೂ ಇಟ್ಟು ಹಾರ್ನೆಸ್ (ಕಾರಿನ ವೈರಿಂಗ್) ಕಡೆಯಲ್ಲಿ ಬ್ಯಾಟರಿ ವೋಲ್ಟೇಜ್ ಬರುತ್ತಿದೆಯೇ ನೋಡಿ. ಇಲ್ಲದಿದ್ದರೆ ಫ್ಯೂಸ್ ನೋಡಿ. ಹತ್ತು ರೂಪಾಯಿಯ ಫ್ಯೂಸಿಗಾಗಿ ಸಾವಿರಾರು ರೂಪಾಯಿಯ ಸೆನ್ಸರ್ ಕೊಳ್ಳಬೇಕಿಲ್ಲ.

ವೇಗ ಅಳೆಯುವುದು

ಕನೆಕ್ಟರ್ ಮತ್ತೆ ಸೇರಿಸಿ. ಹಿಂಬದಿಯಿಂದ ಸಣ್ಣ ಗುಂಡುಸೂಜಿ ತೂರಿಸಿ ಕಪ್ಪು (ಸಿಗ್ನಲ್) ಮತ್ತು ಬೂದು (ಗ್ರೌಂಡ್) ವೈರುಗಳಿಗೆ ಪ್ರೋಬ್ ಜೋಡಿಸಿ. ಬಣ್ಣ ಕಾರಿನಿಂದ ಕಾರಿಗೆ ಬೇರೆಯಾಗಬಹುದು, ಸರ್ಕ್ಯೂಟ್ ನಕ್ಷೆ ನೋಡಿಕೊಳ್ಳಿ. ನೆಗೆಟಿವ್ ಪ್ರೋಬನ್ನು ಬಾಡಿಗೆ ಹಚ್ಚಬೇಡಿ. ಕೆಲವು ಇಸಿಯುಗಳು ಸೆನ್ಸರ್ ಗ್ರೌಂಡನ್ನೇ ಒಂದಿಷ್ಟು ವೋಲ್ಟ್ ಮೇಲಕ್ಕೆ ಎತ್ತಿ ಇಟ್ಟಿರುತ್ತವೆ.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ 2500 ಆರ್‌ಪಿಎಂನಲ್ಲಿ ಎರಡು ನಿಮಿಷ ಹಿಡಿದು, ಹಾಗೇ ಇಟ್ಟು ನೋಡಿ. ವೋಲ್ಟೇಜ್ 0.1ರಿಂದ 0.9ರ ನಡುವೆ ಮೇಲೆ ಕೆಳಗೆ ಓಡಾಡಬೇಕು. 0.45 ವೋಲ್ಟ್ ಗಡಿ: ಅದಕ್ಕಿಂತ ಮೇಲೆ ರಿಚ್ (ಪೆಟ್ರೋಲ್ ಹೆಚ್ಚು), ಕೆಳಗೆ ಲೀನ್.

ಸ್ಕೋಪನ್ನು ಅಡ್ಡಕ್ಕೆ ಒಂದು ಮನೆಗೆ (ಪರದೆಯ ಒಂದು ಚೌಕಕ್ಕೆ) 200 ಮಿಲಿಸೆಕೆಂಡ್, ಉದ್ದಕ್ಕೆ 0.2 ವೋಲ್ಟ್‌ಗೆ ಹೊಂದಿಸಿ. ಒಳ್ಳೆಯ ಸೆನ್ಸರ್‌ನ ಗೆರೆ ಗೋಡೆ ಹತ್ತಿದಂತೆ ನೆಟ್ಟಗೆ ಏರುತ್ತದೆ, ಮೇಲೆ ಸ್ವಲ್ಪ ನಿಂತು, ಅಷ್ಟೇ ಕಡಿದಾಗಿ ಇಳಿಯುತ್ತದೆ. 0.3ರಿಂದ 0.6ಕ್ಕೆ ಹೋಗಲು 100 ಮಿಲಿಸೆಕೆಂಡ್, ಅಂದರೆ ಅರ್ಧ ಮನೆ, ಮೀರಬಾರದು. ಸುಸ್ತಾದ ಸೆನ್ಸರ್‌ನದು ದಿಬ್ಬದಂಥ ಗೆರೆ: ಒಂದೂವರೆ, ಎರಡು ಮನೆ ದಾಟಿ ಏರುತ್ತದೆ, ತುದಿ 0.7ಕ್ಕೂ ಮುಟ್ಟದೆ ದುಂಡಗೆ ಬಾಗುತ್ತದೆ. ಏರಿಕೆ ಚುರುಕು, ಇಳಿಕೆ ಮಂದ ಎಂಬಂಥವೂ ಇರುತ್ತವೆ. ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿ ಅಳೆಯಿರಿ.

ಸ್ಕೋಪ್ ಇಲ್ಲವೇ? ಮೊಬೈಲಿನಲ್ಲಿ ನೋಡುವ ಬ್ಲೂಟೂತ್ ಸ್ಕ್ಯಾನರ್ ಅಡಾಪ್ಟರಿನಿಂದಲೂ ಅಂದಾಜು ಸಿಗುತ್ತದೆ, ಆದರೆ ಒಂದು ಎಚ್ಚರಿಕೆ. ಪರದೆಯ ಮೇಲೆ ಹತ್ತು ಮೌಲ್ಯ ಒಟ್ಟಿಗೆ ತೆರೆದಿಟ್ಟರೆ ಅಡಾಪ್ಟರ್ ಒಂದೊಂದನ್ನೂ ಸರದಿಯಲ್ಲಿ ಕೇಳುತ್ತದೆ. ಆಗ ಸೆನ್ಸರ್ ಚುರುಕಾಗಿದ್ದರೂ ಗ್ರಾಫ್ ಮಂದವಾಗಿ ಕಾಣುತ್ತದೆ. ಸೆನ್ಸರ್ ವೋಲ್ಟೇಜ್ ಒಂದನ್ನೇ ಇಟ್ಟು, ಹತ್ತು ಸೆಕೆಂಡಿನಲ್ಲಿ 0.45ರ ಗೆರೆ ಎಷ್ಟು ಸಲ ದಾಟಿತು ಎಣಿಸಿ. ಎಂಟಕ್ಕಿಂತ ಹೆಚ್ಚು ಇದ್ದರೆ ಸಮಾಧಾನ, ಐದಕ್ಕಿಂತ ಕಡಿಮೆಯಿದ್ದರೆ ಅನುಮಾನ.

ಅನುಮಾನ ಬಂದರೆ ಮಿಶ್ರಣವನ್ನು ನಾವೇ ಕೆಡಿಸಿ ನೋಡುವುದು ದಾರಿ. ಗೇರ್ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಹಾಕಿ, ಎಕ್ಸಿಲರೇಟರನ್ನು ಥಟ್ಟನೆ ಒತ್ತಿ ಬಿಡಿ: ಒತ್ತಿದಾಗ 0.8 ದಾಟಬೇಕು, ಬಿಟ್ಟಾಗ ಪೆಟ್ರೋಲ್ ನಿಂತು 0.2ಕ್ಕಿಂತ ಕೆಳಗೆ ಬೀಳಬೇಕು. ಆಮೇಲೆ ಇನ್‌ಟೇಕ್ ಮ್ಯಾನಿಫೋಲ್ಡಿನ ಒಂದು ಸಣ್ಣ ವ್ಯಾಕ್ಯೂಮ್ ಪೈಪ್ ಕಳಚಿ. ವೋಲ್ಟೇಜ್ ತಕ್ಷಣ ಕುಸಿಯಬೇಕು. ಬ್ರೇಕ್ ಬೂಸ್ಟರ್ ಪೈಪ್ ಮುಟ್ಟಬೇಡಿ. ಹೀಗೆ ಬಲವಂತ ಮಾಡಿದಾಗ ಚುರುಕಾಗಿ ಓಡುವ ಸೆನ್ಸರ್ ಆರೋಗ್ಯವಾಗಿದೆ, ದೋಷ ಮಿಶ್ರಣದಲ್ಲಿದೆ. ಆಗಲೂ ತೂಕಡಿಸಿದರೆ ಸೆನ್ಸರನ್ನೇ ಬಿಚ್ಚಿ. ರಿಚ್ ಮಾಡಲು ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆಯುವವರಿದ್ದಾರೆ. ಕೆಂಪಗೆ ಕಾದ ಮ್ಯಾನಿಫೋಲ್ಡಿನ ಪಕ್ಕದಲ್ಲಿ ಆ ಸಾಹಸ ಬೇಡ.

ಬಿಚ್ಚುವಾಗ, ಹಾಕುವಾಗ

ಎಂಜಿನ್ ಉಗುರುಬೆಚ್ಚಗಿರುವಾಗ, ತುಕ್ಕು ಬಿಡಿಸುವ ಎಣ್ಣೆ ಹಾಕಿ, ವೈರ್ ತೂರುವ ಸೀಳಿರುವ 22 ಎಂಎಂ ಸಾಕೆಟ್‌ನಿಂದ ಬಿಚ್ಚಿ. ಸೆನ್ಸರ್ ತುದಿಯ ಬಣ್ಣ ನೋಡಿ. ಒಣಗಿದ ಕರಿಮಸಿಯಾದರೆ ಮಿಶ್ರಣ ರಿಚ್. ಸುಣ್ಣ ಬಳಿದಂತೆ ಬಿಳಿಯಾಗಿದ್ದರೆ ಸಿಲಿಕಾನ್, ಯಾರೋ ಸೆನ್ಸರ್‌ಗೆ ಒಗ್ಗದ ಗ್ಯಾಸ್ಕೆಟ್ ಪೇಸ್ಟ್ ಬಳಸಿರಬಹುದು. ಕೂಲಂಟ್ ಸೋರಿ ಬಂದರೂ ಬಿಳಿಯ ಪದರ ಕಟ್ಟುತ್ತದೆ, ಆಗ ರೇಡಿಯೇಟರ್ ನೀರು ಕಡಿಮೆಯಾಗುತ್ತಿದೆಯೇ ನೋಡಿ. ಕಂದು, ಜಿಡ್ಡು ಬೂದಿ ಇದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಮೂಲ ಬಿಟ್ಟು ಸೆನ್ಸರ್ ಮಾತ್ರ ಬದಲಿಸಿದರೆ ಹೊಸದಕ್ಕೂ ಅದೇ ಗತಿ. ಪೆಟ್ರೋಲಿನಲ್ಲಿ ತೊಳೆಯುವುದು, ತಂತಿ ಬ್ರಶ್‌ನಲ್ಲಿ ಉಜ್ಜುವುದು ಉಪಯೋಗಕ್ಕೆ ಬರುವುದಿಲ್ಲ.

ಹೊಸದರ ಥ್ರೆಡ್ಡಿಗೆ ಆಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಕಂಪನಿಯೇ ಹಚ್ಚಿರುತ್ತದೆ. ಇಲ್ಲದಿದ್ದರೆ ತೆಳುವಾಗಿ ಹಚ್ಚಿ, ತುದಿಗೆ ತಾಗಿಸಬೇಡಿ. ಬಿಗಿಯುವ ಬಲ 40 ನ್ಯೂಟನ್ ಮೀಟರ್ ಆಸುಪಾಸು, ಖಚಿತ ಅಂಕಿ ನಿಮ್ಮ ಕಾರಿನ ಸರ್ವಿಸ್ ಕೈಪಿಡಿಯಲ್ಲಿದೆ. ಯೂನಿವರ್ಸಲ್ ಸೆನ್ಸರ್ (ಹಳೆಯ ಕನೆಕ್ಟರಿಗೆ ವೈರ್ ಜೋಡಿಸಿಕೊಳ್ಳಬೇಕಾದದ್ದು) ಆದರೆ ವೈರಿಗೆ ಬೆಸುಗೆ ಹಾಕದೆ ಕ್ರಿಂಪ್ ಮಾಡಿ, ಕನೆಕ್ಟರಿಗೆ ಗ್ರೀಸ್ ತುಂಬಬೇಡಿ. ಇಂಥ ಅನೇಕ ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನು ವೈರಿನ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ. ಬೆಸುಗೆ ಆ ದಾರಿಯನ್ನು ಮುಚ್ಚುತ್ತದೆ.

ಈಗ ಕೋಡ್ ಅಳಿಸಿ, ಊರೊಳಗೂ ಹೈವೇಯಲ್ಲೂ ಸೇರಿ ಒಂದು 50 ಕಿಲೋಮೀಟರ್ ಓಡಿಸಿ, ‘ಪೆಂಡಿಂಗ್’ ಪಟ್ಟಿ ನೋಡಿ. ಬಹಳಷ್ಟು ಕಾರುಗಳಲ್ಲಿ ದೋಷ ಎರಡು ಸಲ ಕಂಡ ಮೇಲಷ್ಟೇ ದೀಪ ಹತ್ತುತ್ತದೆ, ಪೆಂಡಿಂಗ್‌ನಲ್ಲಿ ಅದಕ್ಕೆ ಮೊದಲೇ ಬರುತ್ತದೆ. ಹೊಸ ಸೆನ್ಸರ್ ಇದ್ದೂ ಅಲ್ಲಿ ಮತ್ತೆ ಪಿ0133 ಕಂಡರೆ ಟಾರ್ಚ್ ಹಿಡಿದು ಮ್ಯಾನಿಫೋಲ್ಡಿನ ಕೆಳಬದಿ ನೋಡಿ. ಮೇಲಿನಿಂದ ಕಾಣದ ಮಸಿಯ ಗೆರೆ ಸಾಮಾನ್ಯವಾಗಿ ಅಲ್ಲಿರುತ್ತದೆ.