ಚೀಟಿಯಲ್ಲಿ ಸಿಕ್ಕ ಲ್ಯಾಟಿನ್

ದಾವಣಗೆರೆಯ ಪಿ.ಬಿ. ರಸ್ತೆಯ ಔಷಧಿ ಅಂಗಡಿಯೊಂದಕ್ಕೆ ಸಹಾಯಕನಾಗಿ ಸೇರಿದಾಗ ನಾನು ಓದಿದ್ದು ಪಿಯುಸಿ, ಅದೂ ಕನ್ನಡ ಮಾಧ್ಯಮದಲ್ಲಿ. ಮೊದಲ ವಾರವೇ ಎಡವಿದೆ. ಜಗಳೂರು ಕಡೆಯ ಅಜ್ಜನೊಬ್ಬರ ಚೀಟಿಯಲ್ಲಿ ಮಾತ್ರೆಯ ಹೆಸರಿನ ಮುಂದೆ ‘ಎ.ಸಿ.’ ಎಂದಿತ್ತು. ‘ಅಜ್ಜಾ, ಇದನ್ನು ಎ.ಸಿ. ಇರುವ ಕೋಣೆಯಲ್ಲೇ ಇಡಬೇಕು’ ಎಂದೆ. ‘ನಮ್ಮ ಮನೆಯಲ್ಲಿ ಫ್ಯಾನೇ ಇಲ್ಲವಲ್ಲ ತಮ್ಮಾ’ ಎಂದು ಅವರು ಮಾತ್ರೆಯನ್ನೇ ವಾಪಸು ಕೊಡಲು ಹೊರಟರು. ಒಳಗಿದ್ದ ಫಾರ್ಮಸಿಸ್ಟ್ ಸರ್ ಓಡಿ ಬಂದು, ‘ಊಟಕ್ಕೆ ಮುಂಚೆ ನುಂಗಿ, ಅಷ್ಟೇ’ ಎಂದು ಅವರನ್ನು ಕಳಿಸಿದರು. ನನ್ನನ್ನು ಬೈಯಲಿಲ್ಲ. ಖಾಲಿ ರಟ್ಟೊಂದರ ಮೇಲೆ ‘ಆಂಟೆ ಸಿಬುಮ್’ ಎಂದು ಬರೆದುಕೊಟ್ಟರು. ಆಂಟೆ ಎಂದರೆ ಮುಂಚೆ, ಸಿಬುಮ್ ಎಂದರೆ ಊಟ. ಲ್ಯಾಟಿನ್ ಅಂತೆ.

ಮಧ್ಯಾಹ್ನ 3ರಿಂದ 4ರವರೆಗೆ ಗಿರಾಕಿ ಕಡಿಮೆ. ಆ ಹೊತ್ತಿನಲ್ಲಿ ಔಷಧಿ ಕಂಪನಿಯವರು ಕೊಟ್ಟ ಡೈರಿಯಲ್ಲಿ ದಿನಕ್ಕೊಂದು ತುಂಡು ಬಿಡಿಸಿ ಬರೆಯತೊಡಗಿದೆ. ‘ಬಿ.ಡಿ.’ ಎಂದರೆ ಬಿಸ್ ಇನ್ ಡಿಯೆ, ದಿನದಲ್ಲಿ ಎರಡು ಸಲ. ಆ ‘ಡಿಯೆ’ ನಾನು ಬರೆಯುತ್ತಿದ್ದ ಡೈರಿಯಲ್ಲೂ ಇದೆ. ‘ಬಿಸ್’ ಬಿಸ್ಕತ್ತಿನಲ್ಲಿದೆ: ಎರಡು ಸಲ ಬೇಯಿಸಿದ್ದು. ಹಾಗೆ ನೋಡಿದರೆ ಆ ಹೆಸರು ನಮ್ಮ ಬೇಕರಿಯ ರಸ್ಕಿಗೇ ಸಲ್ಲಬೇಕಿತ್ತು. ರಾತ್ರಿಯ ಮಾತ್ರೆಗೆ ಬರೆಯುವ ‘ಎಚ್.ಎಸ್.’ ಇನ್ನೂ ಸೊಗಸು: ಹೋರಾ ಸೋಮ್ನಿ, ನಿದ್ರೆಯ ಹೊತ್ತು. ಪಂಚಾಂಗದ ಹೋರೆಯೇ ಈ ಹೋರಾ. ಗ್ರೀಕಿನಿಂದ ಸಂಸ್ಕೃತಕ್ಕೂ ಲ್ಯಾಟಿನ್ನಿಗೂ ಹೋದ ಪದ. ಸೋಮ್ನುಸ್ ಮತ್ತು ನಮ್ಮ ಸ್ವಪ್ನ ಒಂದೇ ಬೇರಿನವು. ಅಂದಿನಿಂದ ನಿದ್ರೆ ಬಾರದ ಕಾಯಿಲೆಯ ಇನ್‌ಸೋಮ್ನಿಯಾ ಎಂಬ ಪದವನ್ನು ನಾನು ಬಾಯಿಪಾಠ ಮಾಡಬೇಕಾಗಲಿಲ್ಲ.

ಶಾಲೆಯಲ್ಲಿ ಬೆತ್ತ ತಿಂದು ಕಲಿತ ವಿಭಕ್ತಿಗಳೂ ಇಲ್ಲಿ ಉಪಯೋಗಕ್ಕೆ ಬಂದವು. ‘ಬಸ್’ ಎಂಬುದು ಬರೀ ವಿಭಕ್ತಿಯ ಬಾಲ! ಆ ಗಾಡಿಯ ಮೊದಲ ಹೆಸರು ‘ಓಮ್ನಿಬುಸ್’, ಎಂದರೆ ಎಲ್ಲರಿಗೆ. ತಲೆ ಉದುರಿ ಬಾಲ ಉಳಿಯಿತು. ನಾವು ‘ಎಲ್ಲರಿಗೆ’ ಎಂಬುದನ್ನು ತುಂಡರಿಸಿ, ‘ಹರಿಹರದ ರಿಗೆ ಬಂತು’ ಎಂದು ಓಡಿದ ಹಾಗೆ.

ಬೇರನ್ನು ಕಣ್ಣು ಮುಚ್ಚಿ ನಂಬಿ ಕೆಟ್ಟದ್ದೂ ಉಂಟು. ನಮ್ಮ ನಾಲಿಗೆಗೆ ಆಂಟೆ, ಆಂಟಿ ಎರಡೂ ಒಂದೇ. ಆಂಟಿಬಯಾಟಿಕ್‌ನ ಆಂಟಿ ಗ್ರೀಕಿನದು, ‘ವಿರುದ್ಧ’ ಎಂದರ್ಥ. ಆಸ್ಪತ್ರೆಯೊಂದರಲ್ಲಿ ‘ಆಂಟಿನೇಟಲ್’ ಎಂಬ ಫಲಕ ಕಂಡು, ಹುಟ್ಟಿನ ವಿರುದ್ಧ ಎಂದರೆ ಕುಟುಂಬ ಯೋಜನೆಯ ವಿಭಾಗವಿರಬೇಕು ಎಂದುಕೊಂಡೆ. ಒಳಗೆ ಇಣುಕಿದರೆ ತುಂಬು ಗರ್ಭಿಣಿಯರ ಸಾಲು. ಅದು ಆಂಟೆ: ಹುಟ್ಟಿಗೆ ಮುಂಚೆ. ನಾಟುಸ್ ಎಂದರೆ ಹುಟ್ಟಿದ, ನಮ್ಮ ‘ಜಾತ’ದ ದಾಯಾದಿ, ನೇಟಿವ್, ನೇಷನ್, ನೇಚರ್ ಮೂರೂ ಅದೇ ಬಳ್ಳಿಯವು. ಊಟದ ನಂತರ ನುಂಗಲು ಬರೆಯುವ ‘ಪಿ.ಸಿ.’ಯಲ್ಲಿ, ಅಂದರೆ ಪೋಸ್ಟ್ ಸಿಬುಮ್‌ನಲ್ಲಿ, ಬರುವ ಪೋಸ್ಟ್ ಎಂದರೆ ‘ನಂತರ’. ಅಂಚೆಯ ಪೋಸ್ಟ್ ಬೇರೆಯೇ ಬೇರಿನದು. ಆಮೇಲೆ ಡೈರಿಯ ಪ್ರತಿ ಪುಟದ ಕೆಳಗೆ ‘ಮೋಸ ಮಾಡುವವರು’ ಎಂದು ಗೆರೆ ಎಳೆದು ಇಂಥವನ್ನು ಬರೆದಿಟ್ಟೆ. ಈಗಲೂ ನಾನು ಹೆಚ್ಚು ತಿರುವಿ ನೋಡುವುದು ಆ ಭಾಗವನ್ನೇ.

ಡಿ.ಫಾರ್ಮಾ ಮುಗಿಸಿ ಈಗ ಕೌಂಟರಿನ ಒಳಗೆ ನಾನೇ ಕೂರುತ್ತೇನೆ. ಬಹಳ ವೈದ್ಯರು ಲ್ಯಾಟಿನ್ ಬಿಟ್ಟು 1-0-1 ಎಂದು ಬರೆಯುತ್ತಾರೆ: ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ರೋಗಿಗೆ ಅದೇ ಒಳ್ಳೆಯದು. ‘ಎಸ್.ಒ.ಎಸ್.’ ಮಾತ್ರ ಇನ್ನೂ ಹೋಗಿಲ್ಲ. ಕಳೆದ ತಿಂಗಳು ಹಾಸ್ಟೆಲ್ ಹುಡುಗನೊಬ್ಬ ಏದುಸಿರು ಬಿಡುತ್ತಾ ಬಂದು, ಸಾಲಿನಲ್ಲಿದ್ದವರನ್ನೆಲ್ಲ ತಳ್ಳಿಕೊಂಡು ಚೀಟಿ ಚಾಚಿದ. ಗೆಳೆಯನ ಪ್ಯಾರಾಸಿಟಮಾಲ್ ಎದುರು ಆ ಮೂರು ಅಕ್ಷರ. ಮುಳುಗುವ ಹಡಗಿನ ಸಂಕೇತ ಎಂದು ತಿಳಿದಿದ್ದನಂತೆ. ‘ಸಿ ಓಪುಸ್ ಸಿಟ್, ಅಂದರೆ ಬೇಕೆನಿಸಿದರೆ ಮಾತ್ರ ನುಂಗುವುದು’ ಎಂದು ಹೇಳಿ ಅವನನ್ನು ಸಾಲಿನ ಕೊನೆಗೆ ಕಳಿಸಿದೆ.